ಕಾಂಗೋದಲ್ಲಿ ಕಾವಲು, ಗೋವೆಯಲ್ಲಿ ಕಾರ್ಯಾಚರಣೆ

ಕಾಸರಗೋಡಿನ ಆಸುಪಾಸಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ‘ಕೃಷ್ಣ ಸಂಧಾನ’ದ ಸಭೆ ಅಪರಿಚಿತವಲ್ಲ. ಪಾಂಡವರ ಪರವಾಗಿ ಸಂಧಿಯ ಮಾತನ್ನು ಹೊತ್ತು ಕೃಷ್ಣ ಹಸ್ತಿನಾವತಿಗೆ ಬರುತ್ತಾನೆ. ಅದೇ ಹೊತ್ತಿಗೆ ಅತ್ತ ಪಾಂಡವರ ಸೇನೆ ನೆರೆಯುತ್ತಿರುತ್ತದೆ. ಅರ್ಜುನನ ಸಾರಥ್ಯವನ್ನು ಕೃಷ್ಣ ಆಗಲೇ ಒಪ್ಪಿಕೊಂಡಿರುತ್ತಾನೆ. ಕೌರವನ ಪಾತ್ರವನ್ನು ವಹಿಸಿದ ಅರ್ಥಧಾರಿ ಸಮರ್ಥನಾಗಿದ್ದರೆ ಈ ಎಡೆಯನ್ನು ಬಿಟ್ಟುಕೊಡುವುದಿಲ್ಲ. ಯುದ್ಧಕ್ಕೆ ಸಜ್ಜಾಗುತ್ತಿರುವವರ ಕಡೆಯಿಂದ ಬಂದವನ ಬಾಯಲ್ಲಿ ಶಾಂತಿಯ ಮಾತಿಗೆ ಬೆಲೆಯೆಷ್ಟು ಎಂದು ಆತ ಕೇಳಿಯೇ ಕೇಳುತ್ತಾನೆ. ಕೃಷ್ಣನ ಅರ್ಥಧಾರಿ ಅದಕ್ಕೆ ಏನು ಉತ್ತರ ಕೊಡುತ್ತಾನೆ ಎಂಬುದರ ಮೇಲೆ ಆ ರಾತ್ರಿಯ ಕೂಟದ ಸೋಲು ಗೆಲುವು ನಿಂತಿರುತ್ತದೆ.

ಈ ಪ್ರಶ್ನೆ ಪುರಾಣಕ್ಕೆ ಮುಗಿದುಹೋದದ್ದಲ್ಲ. ಆಧುನಿಕ ರಾಷ್ಟ್ರಗಳು ತಮ್ಮ ಸೈನಿಕರನ್ನು ನೀಲಿ ಶಿರಸ್ತ್ರಾಣ ತೊಡಿಸಿ ಪರದೇಶಗಳಿಗೆ ಶಾಂತಿಪಾಲನೆಗೆ ಕಳುಹಿಸುತ್ತವೆ. ಅವೇ ರಾಷ್ಟ್ರಗಳು ಬೇರೆಡೆ, ತಮ್ಮ ಕಾರಣಗಳಿಗಾಗಿ, ಶಸ್ತ್ರಬಲವನ್ನೂ ಪ್ರಯೋಗಿಸುತ್ತವೆ. ಹಾಗಿರುವಾಗ ಅವುಗಳ ಶಾಂತಿಪಾಲಕರು ಯಶಸ್ವಿಯಾಗಬಲ್ಲರೇ? ಒಬ್ಬನೇ ಒಡೆಯನ ಎರಡು ಕೈಗಳಲ್ಲಿ ಒಂದು ಹೊಡೆಯುತ್ತಿರುವಾಗ ಇನ್ನೊಂದು ಬಿಡಿಸಬಲ್ಲದೇ? ಭಾರತದ ಮಟ್ಟಿಗೆ ಈ ಪ್ರಶ್ನೆ ತೀರ ನಿಜವಾದದ್ದು. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಈವರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕಳುಹಿಸಿದ ದೇಶ ಇದು. ಆ ಕೆಲಸದಲ್ಲಿ ಅತಿ ಹೆಚ್ಚು ಜೀವಗಳನ್ನು ತೆತ್ತ ದೇಶವೂ ಇದೇ. ಪ್ರಶ್ನೆಯನ್ನು ಒರೆಗೆ ಹಚ್ಚಲು ಒಂದೇ ತಿಂಗಳು ಸಾಕು: 1961ರ ಡಿಸೆಂಬರ್.

ಆ ತಿಂಗಳ 5ನೆಯ ತಾರೀಕು ಆಫ್ರಿಕದ ಕಟಾಂಗಾ ಪ್ರಾಂತದ ಎಲಿಸಬೆತ್‌ವಿಲ್ ನಗರದಲ್ಲಿ, ವಿಮಾನ ನಿಲ್ದಾಣದ ದಾರಿಗೆ ಅಡ್ಡ ಕಟ್ಟಿದ್ದ ತಡೆಯನ್ನು ತೆರವುಗೊಳಿಸುವ ಹೋರಾಟದಲ್ಲಿ ಗೂರ್ಖಾ ರೆಜಿಮೆಂಟಿನ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಪ್ರಾಣ ತೆತ್ತರು. ಅವರಿಗೆ ಆಗ 26 ವರ್ಷ. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ತೋರಿದ ಶೌರ್ಯಕ್ಕೆ ಪರಮವೀರ ಚಕ್ರ ಸಂದಿರುವುದು ಅವರೊಬ್ಬರಿಗೇ. ಇದಾಗಿ ಎರಡು ವಾರ ತುಂಬುವ ಮೊದಲೇ ಭಾರತದ ಭೂಸೇನೆ, ನೌಕಾಪಡೆ, ವಾಯುಪಡೆಗಳು ಮೂರೂ ಸೇರಿ ಗೋವೆಯನ್ನು ಪ್ರವೇಶಿಸಿದವು. ಡಿಸೆಂಬರ್ 19ರಂದು ಪೋರ್ಚುಗೀಸ್ ಗವರ್ನರ್ ಜನರಲ್ ವಾಸಾಲೊ ಇ ಸಿಲ್ವಾ ಶರಣಾದರು; 1510ರಲ್ಲಿ ಆರಂಭವಾಗಿದ್ದ ಆಳ್ವಿಕೆ ಕೊನೆಗೊಂಡಿತು. ಒಂದೇ ದೇಶ, ಒಂದೇ ಸೇನೆ, ಒಂದೇ ತಿಂಗಳು: ಒಂದೆಡೆ ಶಾಂತಿಪಾಲನೆ, ಇನ್ನೊಂದೆಡೆ ಬಲಪ್ರಯೋಗ.

ಕಾಂಗೋದ ಕತೆ ಹೀಗೆ. 1960ರ ಜೂನ್ 30ರಂದು ಬೆಲ್ಜಿಯಂನಿಂದ ಸ್ವಾತಂತ್ರ್ಯ ಪಡೆದ ಆ ದೇಶದಲ್ಲಿ ಕೆಲವೇ ದಿನಗಳಲ್ಲಿ ಸೇನೆ ದಂಗೆಯೆದ್ದಿತು. ಬೆಲ್ಜಿಯಂ ಪಡೆಗಳು ಮರಳಿ ಬಂದಿಳಿದವು. ಜುಲೈ 11ರಂದು ತಾಮ್ರ, ಕೋಬಾಲ್ಟ್‌ಗಳ ಆಗರವಾಗಿದ್ದ ಕಟಾಂಗಾ ಪ್ರಾಂತ ಮೊಯಿಸ್ ಚೋಂಬೆಯ ನಾಯಕತ್ವದಲ್ಲಿ ಪ್ರತ್ಯೇಕತೆಯನ್ನು ಸಾರಿತು. ಅದರ ಬೆನ್ನಿಗೆ ಗಣಿ ಕಂಪನಿಯ ಹಣವೂ ಬಾಡಿಗೆ ಸೈನಿಕರೂ ನಿಂತರು. ಜುಲೈ 14ರಂದು ಭದ್ರತಾ ಮಂಡಳಿ ಶಾಂತಿಪಡೆಯನ್ನು ಕಳುಹಿಸಲು ತೀರ್ಮಾನಿಸಿತು. 1961ರ ಜನವರಿಯಲ್ಲಿ ಪದಚ್ಯುತ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಕಟಾಂಗಾದಲ್ಲಿ ಹತರಾದ ಮೇಲೆ, ಅಂತರ್ಯುದ್ಧವನ್ನು ತಡೆಯಲು ಕೊನೆಯ ಉಪಾಯವಾಗಿ ಬಲಪ್ರಯೋಗಕ್ಕೂ ಮಂಡಳಿ ಅನುಮತಿ ನೀಡಿತು. ಆ ಹಂತದಲ್ಲಿ ಭಾರತ ಒಂದು ಪೂರ್ಣ ಬ್ರಿಗೇಡನ್ನು ಕಳುಹಿಸಿತು. ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಸಂಧಾನಕ್ಕಾಗಿ ಹೊರಟಿದ್ದ ವಿಮಾನ ಅಪಘಾತಕ್ಕೀಡಾಗಿ ಅವರು ಮೃತಪಟ್ಟರು. ಸಲಾರಿಯಾ ಕಾದಾಡಿದ್ದು ಇಂಥ ಕಲಕಿಹೋದ ನೆಲದಲ್ಲಿ.

ಗೋವೆಯ ಕತೆ ಕನ್ನಡ ಕರಾವಳಿಗೆ ಇನ್ನೂ ಹತ್ತಿರದ್ದು. 1947ರ ನಂತರ ಫ್ರಾನ್ಸ್ ಮಾತುಕತೆಯ ಮೂಲಕ ಪುದುಚೇರಿಯನ್ನು ಬಿಟ್ಟುಕೊಟ್ಟಿತು; ಗೋವೆ ತನ್ನ ದೇಶದ್ದೇ ಒಂದು ಪ್ರಾಂತ ಎಂಬ ಹಟವನ್ನು ಪೋರ್ಚುಗಲ್ ಬಿಡಲಿಲ್ಲ. 1955ರ ಆಗಸ್ಟ್ 15ರಂದು ನಿರಾಯುಧರಾಗಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 1961ರ ನವೆಂಬರಿನಲ್ಲಿ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು ಪ್ರಯಾಣಿಕರ ಹಡಗೊಂದರ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು. ಡಿಸೆಂಬರಿನಲ್ಲಿ ಬೆಳಗಾವಿ ಸೇನೆ ಜಮಾಯಿಸುವ ನೆಲೆಯಾಯಿತು. ಅಂಜದೀವ್ ಹಿಡಿಯುವ ಕಾರ್ಯದಲ್ಲಿ ನೌಕಾಪಡೆಯ ಯೋಧರು ಸತ್ತರು. ಹದಿನಾಲ್ಕು ವರ್ಷಗಳ ತಾಳ್ಮೆಯ ಬಳಿಕ ಬಂದ ಬಲಪ್ರಯೋಗ ಇದು. ಆದರೂ ಅದು ಬಲಪ್ರಯೋಗವೇ. ಈ ಮಾತನ್ನು ಮರೆಮಾಚಿ ಮುಂದಿನ ವಾದವನ್ನು ಕಟ್ಟುವುದು ಪ್ರಾಮಾಣಿಕತೆಯಾಗದು.

ಭದ್ರತಾ ಮಂಡಳಿಯಲ್ಲಿ ಟೀಕೆ ಕಟುವಾಗಿಯೇ ಬಂತು. ಜಗತ್ತಿಗೆ ಅಹಿಂಸೆಯನ್ನು ಬೋಧಿಸುತ್ತ ಬಂದ ದೇಶ ಶಸ್ತ್ರ ಹಿಡಿದದ್ದನ್ನು ಅಮೆರಿಕದ ಪ್ರತಿನಿಧಿ ಅಡ್ಲೈ ಸ್ಟೀವನ್‌ಸನ್ ತೀವ್ರವಾಗಿ ಖಂಡಿಸಿದರು. ಕದನವಿರಾಮವನ್ನೂ ಸೇನೆಯ ವಾಪಸಾತಿಯನ್ನೂ ಕೇಳಿದ ನಿರ್ಣಯಕ್ಕೆ 7 ಮತಗಳು ಪರವಾಗಿಯೂ 4 ವಿರೋಧವಾಗಿಯೂ ಬಿದ್ದವು. ಸೋವಿಯತ್ ಒಕ್ಕೂಟದ ವೀಟೋದಿಂದ ಅದು ಬಿದ್ದುಹೋಯಿತು. ಆದರೆ ಗಮನಿಸಬೇಕಾದದ್ದು ವೀಟೋವನ್ನಲ್ಲ, ಉಳಿದ ಮೂರು ವಿರೋಧ ಮತಗಳನ್ನು. ಅವು ಸಿಲೋನ್, ಲೈಬೀರಿಯಾ ಮತ್ತು ಸಂಯುಕ್ತ ಅರಬ್ ಗಣರಾಜ್ಯಗಳವು: ಒಂದು ಏಷ್ಯದ ದೇಶ, ಎರಡು ಆಫ್ರಿಕದ ನೆಲದವು. ವಸಾಹತು ಆಳ್ವಿಕೆಯ ನೆನಪು ಇನ್ನೂ ಹಸಿಯಾಗಿದ್ದ ಆಫ್ರಿಕಕ್ಕೆ ಗೋವೆ ಕಂಡದ್ದೇ ಬೇರೆ ಬಗೆಯಲ್ಲಿ. ಕಟಾಂಗಾಕ್ಕೆ ಹೊಂದಿಕೊಂಡಿದ್ದ ಅಂಗೋಲಾ ಆಗ ಪೋರ್ಚುಗಲ್ಲಿನ ವಸಾಹತಾಗಿತ್ತು. ಆ ವರ್ಷವೇ ಅಲ್ಲಿ ಬಂಡಾಯ ಎದ್ದಿತ್ತು. ಕಟಾಂಗಾದ ತಾಮ್ರ ಸಮುದ್ರಕ್ಕೆ ಸಾಗುತ್ತಿದ್ದ ರೈಲುಮಾರ್ಗಗಳಲ್ಲೊಂದು ಅಂಗೋಲಾದ ಮೂಲಕವೇ ಹಾಯುತ್ತಿತ್ತು. ಕಾಂಗೋದ ಏಕತೆಯನ್ನು ಬಯಸುತ್ತಿದ್ದ ಆಫ್ರಿಕನ್ನರ ಕಣ್ಣಿಗೆ ಭಾರತದ ಎರಡು ಕಾರ್ಯಗಳು ಪರಸ್ಪರ ವಿರುದ್ಧವಾಗಿರಲಿಲ್ಲ.

ಪರಿಣಾಮವನ್ನೂ ನೋಡಬೇಕು. ಗೋವೆಯ ಬಳಿಕ ಕಾಂಗೋದ ಭಾರತೀಯ ಬ್ರಿಗೇಡ್ ಮರಳಲಿಲ್ಲ. 1962ರ ಅಕ್ಟೋಬರ್–ನವೆಂಬರಿನಲ್ಲಿ ಹಿಮಾಲಯದ ಗಡಿಯಲ್ಲಿ ಚೀನಾದೊಂದಿಗೆ ಯುದ್ಧ ನಡೆದು, ಒಂದೊಂದು ತುಕಡಿಯೂ ಮನೆಯಲ್ಲಿ ಬೇಕಾಗಿದ್ದ ಕಾಲದಲ್ಲಿಯೂ ಅದು ಅಲ್ಲೇ ಉಳಿಯಿತು. 1962ರ ಕೊನೆಯಲ್ಲಿ ಆರಂಭವಾದ ಕಾರ್ಯಾಚರಣೆಯಲ್ಲಿ ಅದರ ಪಾತ್ರ ದೊಡ್ಡದು. ಕಟಾಂಗಾದಲ್ಲಿ ವಿಶ್ವಸಂಸ್ಥೆಯ ಪಡೆಗಳ ಮುಖ್ಯಸ್ಥರಾಗಿದ್ದವರು ಭಾರತದ ಮೇಜರ್ ಜನರಲ್ ದೇವಾನ್ ಪ್ರೇಮ್‌ಚಂದ್. 1963ರ ಜನವರಿಯಲ್ಲಿ ಚೋಂಬೆ ಪ್ರತ್ಯೇಕತೆಯನ್ನು ಕೈಬಿಟ್ಟರು. ಪಡೆಗೆ ವಹಿಸಿದ ಮುಖ್ಯ ಕೆಲಸ ಈಡೇರಿತು.

ಹಾಗೆಂದು ಇದನ್ನು ನಿಷ್ಕಳಂಕ ವಿಜಯವೆಂದು ಬಣ್ಣಿಸುವಂತಿಲ್ಲ. ಶಾಂತಿಪಾಲನೆಗೆ ಮೂರು ಆಧಾರಗಳಿವೆಯೆಂದು ವಿಶ್ವಸಂಸ್ಥೆ ಹೇಳುತ್ತದೆ: ಸಂಬಂಧಪಟ್ಟವರ ಒಪ್ಪಿಗೆ, ನಿಷ್ಪಕ್ಷಪಾತ, ಆತ್ಮರಕ್ಷಣೆ ಮತ್ತು ವಹಿಸಿದ ಕೆಲಸದ ರಕ್ಷಣೆಗೆ ಹೊರತು ಬಲಪ್ರಯೋಗ ಮಾಡದಿರುವುದು. ಕಟಾಂಗಾದಲ್ಲಿ ಈ ಮೂರೂ ಎಳೆದಾಡಿಹೋದವು. ಎಲಿಸಬೆತ್‌ವಿಲ್‌ನ ಬೀದಿ ಕಾಳಗಗಳಲ್ಲಿ ನಾಗರಿಕರೂ ಸತ್ತರು. ದೇಶ ಒಂದಾಗಿ ಉಳಿಯಿತು, ಆದರೆ 1964ರಲ್ಲಿ ಪಡೆ ಹೊರಟ ಮೇಲೆ ಅಲ್ಲಿ ಶಾಂತಿ ನೆಲೆಸಲಿಲ್ಲ. ಆದರೆ ಈ ಕೊರತೆಗಳಿಗೆ ಕಾರಣ ಗೋವೆಯಲ್ಲ. ಅವು ಕಾಂಗೋದ ಒಳಗಿನವು. ಪ್ರಶ್ನೆಯ ಗಂಟು ಬಿಚ್ಚಿಕೊಳ್ಳುವುದು ಇಲ್ಲಿಯೇ. ಶಾಂತಿಪಾಲಕನ ದೇಶ ಜಗತ್ತಿನ ಎಲ್ಲೋ ಒಂದೆಡೆ ಬಲ ಬಳಸಿತೆಂಬುದಲ್ಲ ಅವನನ್ನು ಕೆಡಿಸುವುದು. ಅವನು ಬಿಡಿಸಲು ಹೋದ ಜಗಳದಲ್ಲಿಯೇ ಅದು ಕೈಹಾಕಿತೇ ಎಂಬುದು.

ಇದಕ್ಕೆ ಕಠೋರ ಸಾಕ್ಷಿ ಲೆಬನಾನಿನದು. 1982ರಲ್ಲಿ ಸಬ್ರಾ ಮತ್ತು ಶತೀಲಾ ಶಿಬಿರಗಳ ಹತ್ಯಾಕಾಂಡದ ನಂತರ ಅಮೆರಿಕ, ಫ್ರಾನ್ಸ್, ಇಟಲಿಗಳ ಪಡೆಗಳು ಬೈರೂತಿಗೆ ಬಂದವು. ಆರಂಭದಲ್ಲಿ ಜನ ಅವರನ್ನು ಸ್ವಾಗತಿಸಿದರು. 1983ರ ಸೆಪ್ಟೆಂಬರಿನಲ್ಲಿ ಅಂತರ್ಯುದ್ಧದ ಒಂದು ಪಕ್ಷವೇ ಆಗಿದ್ದ ಲೆಬನಾನಿನ ಸೇನೆಗೆ ನೆರವಾಗಿ ಅಮೆರಿಕದ ಯುದ್ಧನೌಕೆಗಳು ಬೆಟ್ಟಗಳ ಮೇಲೆ ಫಿರಂಗಿ ಹಾರಿಸಿದವು. ಫ್ರಾನ್ಸಿನ ವಿಮಾನಗಳೂ ದಾಳಿ ಮಾಡಿದವು. ದಡದ ಮೇಲಿದ್ದ ಶಾಂತಿಪಾಲಕರು ಆ ಗಳಿಗೆಯಿಂದ ಜಗಳದ ಒಂದು ಕಡೆಯವರಾದರು. ಅಕ್ಟೋಬರ್ 23ರ ಮುಂಜಾನೆ ಸ್ಫೋಟಕ ತುಂಬಿದ ಟ್ರಕ್ಕುಗಳು ಅವರ ವಸತಿಗಳಿಗೆ ನುಗ್ಗಿದವು: 241 ಅಮೆರಿಕನ್ನರು, 58 ಫ್ರೆಂಚ್ ಸೈನಿಕರು ಸತ್ತರು. ಪಹರೆಯ ಜತೆಗೆ ಆಸ್ಪತ್ರೆ ನಡೆಸುತ್ತಿದ್ದ, ಯಾರ ಮೇಲೂ ಫಿರಂಗಿ ಹಾರಿಸದ ಇಟಲಿಯ ತುಕಡಿಯ ಮೇಲೆ ಅಂಥ ದಾಳಿ ನಡೆಯಲಿಲ್ಲ. ಈ ಸ್ಫೋಟವಾಗಿ ಎರಡೇ ದಿನಕ್ಕೆ ಅಮೆರಿಕ ಕೆರಿಬಿಯನ್ನಿನ ಗ್ರೆನಾಡಾ ದ್ವೀಪದ ಮೇಲೆ ಸೇನೆ ಇಳಿಸಿತು. ದೂರದ ಗ್ರೆನಾಡಾ ಬೈರೂತನ್ನು ಕೆಡಿಸಲಿಲ್ಲ. ಅದಕ್ಕೆ ಮೊದಲೇ ಬೈರೂತಿನ ಬೆಟ್ಟಗಳಿಗೆ ಹಾರಿದ ಗುಂಡುಗಳು ಕೆಡಿಸಿಯಾಗಿತ್ತು.

ಭಾರತಕ್ಕೆ ಇದೇ ಪಾಠ ಇನ್ನೂ ಹತ್ತಿರದಲ್ಲಿ, ಶ್ರೀಲಂಕೆಯಲ್ಲಿ ದೊರೆಯಿತು. ತಮಿಳು ಬಂಡುಕೋರರಿಗೆ ಭಾರತದಲ್ಲಿ ತರಬೇತಿ ದೊರೆತಿದ್ದುದು ಗುಟ್ಟಾಗಿ ಉಳಿದಿರಲಿಲ್ಲ. 1987ರ ಜೂನ್ 4ರಂದು ಭಾರತದ ವಿಮಾನಗಳು ಕೊಲಂಬೊದ ಒಪ್ಪಿಗೆಯಿಲ್ಲದೆ ಜಾಫ್ನಾದ ಮೇಲೆ ಹಾರಿ ಪರಿಹಾರ ಸಾಮಗ್ರಿ ಇಳಿಸಿದವು. ಜುಲೈ 29ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮರುದಿನ ಗೌರವ ರಕ್ಷೆಯ ಸಾಲಿನಲ್ಲಿ ನಿಂತಿದ್ದ ನಾವಿಕನೊಬ್ಬ ಭಾರತದ ಪ್ರಧಾನಿ ರಾಜೀವ್ ಗಾಂಧಿಯವರ ಮೇಲೆ ಬಂದೂಕಿನ ಹಿಡಿ ಬೀಸಿದ. ಶಾಂತಿಪಾಲನಾ ಪಡೆ ಎಂಬ ಹೆಸರು ಹೊತ್ತು ಹೋದವರು ಅಕ್ಟೋಬರಿನ ಹೊತ್ತಿಗೆ ಎಲ್‌ಟಿಟಿಇಯ ಜೊತೆ ಪೂರ್ಣ ಯುದ್ಧದಲ್ಲಿದ್ದರು. ಅದೇ ತಿಂಗಳು ಜಾಫ್ನಾದ ಆಸ್ಪತ್ರೆಯೊಳಗೆ ರೋಗಿಗಳೂ ಸಿಬ್ಬಂದಿಯೂ ಗುಂಡಿಗೆ ಬಲಿಯಾದರು. 1990ರ ಮಾರ್ಚಿನಲ್ಲಿ ಪಡೆ ಮರಳುವ ವೇಳೆಗೆ ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ಸತ್ತಿದ್ದರು. ಸಿಂಹಳೀಯರೂ ತಮಿಳರೂ ಅವರನ್ನು ತಮ್ಮವರೆನ್ನಲಿಲ್ಲ. ಸೈನಿಕನ ಶೌರ್ಯದಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಅವನನ್ನು ಕಳುಹಿಸಿದ ನಿಲುವಿನಲ್ಲಿ: ಜಗಳದ ಒಂದು ಎಳೆಯನ್ನು ಮೊದಲೇ ಹಿಡಿದಿದ್ದವರು ಗಂಟು ಬಿಚ್ಚಲು ಹೊರಟಿದ್ದರು. ವಿಶ್ವಸಂಸ್ಥೆಯ ಆಸರೆಯೂ ಅಲ್ಲಿರಲಿಲ್ಲ. ಅಪ್ಪಣೆ ದೆಹಲಿಯದು, ಹೊಣೆಯೂ ದೆಹಲಿಯದು.

ಇನ್ನೊಂದು ಉದಾಹರಣೆ ಕಾಸರಗೋಡಿನ ನೆರೆಯ ನೆಲದ್ದು. ಪಾಣತ್ತೂರಿನ ದಾರಿಯಲ್ಲಿ ಘಟ್ಟ ಹತ್ತಿದರೆ ಸಿಗುವ ಕೊಡಗಿನವರು ಜನರಲ್ ಕೆ. ಎಸ್. ತಿಮ್ಮಯ್ಯ, 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ತಾಯ್ನಾಡಿಗೆ ಮರಳಲೊಲ್ಲದ ಸಾವಿರಾರು ಸೆರೆಯಾಳುಗಳ ವಿಚಾರಣೆಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾದರು. ಅದಕ್ಕೆ ಐದೇ ವರ್ಷ ಹಿಂದೆ ಭಾರತ ಕಾಶ್ಮೀರದಲ್ಲಿ ಯುದ್ಧ ಮಾಡಿತ್ತು, ಹೈದರಾಬಾದಿಗೆ ಸೇನೆ ನುಗ್ಗಿಸಿತ್ತು. ಕಾಶ್ಮೀರದ ಯುದ್ಧದಲ್ಲಿ ಸ್ವತಃ ತಿಮ್ಮಯ್ಯನವರೇ ಪಡೆಯನ್ನು ನಡೆಸಿದ್ದರು. ಆದರೂ ಎರಡೂ ಬಣಗಳು ಭಾರತವನ್ನು ಒಪ್ಪಿದ್ದಕ್ಕೆ ಕಾರಣ, ಆ ಯುದ್ಧಕ್ಕೆ ಭಾರತ ಕಾದಾಡುವ ಸೇನೆಯನ್ನು ಕಳುಹಿಸಿರಲಿಲ್ಲ. ಗಾಯಾಳುಗಳ ಶುಶ್ರೂಷೆಗೆ ವೈದ್ಯಕೀಯ ದಳವನ್ನು ಮಾತ್ರ ಕಳುಹಿಸಿತ್ತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಮಾತ್ರ ಭಾರತೀಯ ಯೋಧರು ತಮ್ಮ ನೆಲ ಮೆಟ್ಟಕೂಡದೆಂದು ಹಟ ಹಿಡಿದರು. ಹಾಗಾಗಿ ಅವರನ್ನು ಹೆಲಿಕಾಪ್ಟರುಗಳಲ್ಲಿ ಗಡಿಪಟ್ಟಿಗೆ ಸಾಗಿಸಬೇಕಾಯಿತು. ಆಯೋಗದ ಕೆಲಸ ಸುಲಭವಾಗಿರಲಿಲ್ಲ, ಆದರೆ ನಡೆಯಿತು.

1964ರ ಜುಲೈಯಲ್ಲಿ ತಿಮ್ಮಯ್ಯನವರು ಸೈಪ್ರಸ್‌ನ ವಿಶ್ವಸಂಸ್ಥೆಯ ಪಡೆಗೆ ಸೇನಾಪತಿಗಳಾದರು. ಅಲ್ಲಿ ಗ್ರೀಕರೂ ತುರ್ಕರೂ ಕಾದಾಡುತ್ತಿದ್ದರು. ಮರುವರ್ಷ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಯುದ್ಧವಾಯಿತು. ಟರ್ಕಿ ಪಾಕಿಸ್ತಾನದ ಬೆಂಬಲಕ್ಕೆ ನಿಂತಿತು. ಭಾರತದ ಮಾಜಿ ಸೇನಾ ಮುಖ್ಯಸ್ಥ ತುರ್ಕರಿಗೂ ಗ್ರೀಕರಿಗೂ ನಡುವೆ ನ್ಯಾಯವಾಗಿ ನಿಲ್ಲಬಲ್ಲನೇ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೂ ತಿಮ್ಮಯ್ಯನವರು ಆ ಸ್ಥಾನದಲ್ಲಿ ಮುಂದುವರಿದರು. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ, ಅಲ್ಲಿಯೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಅವರು ಅಲ್ಲಿ ದೆಹಲಿಯ ಆಜ್ಞೆಯನ್ನು ನಡೆಸುತ್ತಿರಲಿಲ್ಲ; ಆ ದ್ವೀಪದಲ್ಲಿ ಭಾರತಕ್ಕೆ ಸ್ವಂತ ಬೇಟೆಯೂ ಇರಲಿಲ್ಲ.

ಈ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ. ತನ್ನ ದೇಶ ಬಲಪ್ರಯೋಗದಲ್ಲಿ ತೊಡಗಿದ್ದರೂ ಶಾಂತಿಪಾಲಕ ಯಶಸ್ವಿಯಾಗಬಲ್ಲ. ಆದರೆ ಅದಕ್ಕೆ ಮೂರು ಕಟ್ಟುಪಾಡುಗಳಿವೆ. ಆ ಬಲ ಅವನು ಕಾಯುತ್ತಿರುವ ಜಗಳದೊಳಗೆ ಬಂದಿರಬಾರದು. ಅವನ ಮೇಲಿನ ಅಪ್ಪಣೆ ಅವನ ದೇಶದ್ದಾಗಿರದೆ ಹಲವು ದೇಶಗಳ ಒಪ್ಪಿಗೆಯದಾಗಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಯಾರ ನಡುವೆ ಅವನು ನಿಂತಿದ್ದಾನೋ ಆ ಜನರಿಗೆ ಅವನ ದಿನನಿತ್ಯದ ನಡತೆಯಲ್ಲಿ ನ್ಯಾಯ ಕಾಣಬೇಕು. ಮೊದಲ ಎರಡು ಸರ್ಕಾರಗಳ ಕೈಯಲ್ಲಿವೆ. ಮೂರನೆಯದು ಮಾತ್ರ ಸೈನಿಕನ ಕೈಯಲ್ಲಿದೆ. ಶ್ರೀಲಂಕೆಯಲ್ಲಿ ಮೊದಲ ಎರಡು ತಪ್ಪಿದವು. ಮೂರನೆಯದು ಅವುಗಳ ಭಾರಕ್ಕೆ ಕುಸಿಯಿತು.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಹೀಗೆ ಜಗಳಗಳನ್ನು ಬೇರ್ಪಡಿಸಿ ನೋಡುವುದು ಸರ್ಕಾರಗಳಿಗೆ ಅನುಕೂಲದ ಮಾತಲ್ಲವೇ? ಒಂದೆಡೆ ಶಾಂತಿಪಾಲನೆಯ ಕೀರ್ತಿ ಗಳಿಸಿ ಇನ್ನೊಂದೆಡೆಯ ಹಿಂಸೆಗೆ ಅದನ್ನು ಮುಸುಕಾಗಿ ಹೊದಿಸಬಹುದಲ್ಲ? ಆಕ್ಷೇಪ ನ್ಯಾಯವಾದದ್ದು. ಶಾಂತಿಪಾಲನೆ ಯಶಸ್ವಿಯಾಯಿತೆಂಬ ಕಾರಣಕ್ಕೆ ಬೇರೆಡೆಯ ಬಲಪ್ರಯೋಗ ಧರ್ಮವಾಗುವುದಿಲ್ಲ. ಅದರ ಲೆಕ್ಕ ಬೇರೆ, ಅದನ್ನು ಬೇರೆಯಾಗಿಯೇ ಕೇಳಬೇಕು. ಗೋವೆಯನ್ನು ಕಾಂಗೋದ ಹೆಸರಿನಲ್ಲಿ ಸಮರ್ಥಿಸಲಾಗದು. ಗೋವೆಯ ನ್ಯಾಯ ಗೋವೆಯ ಜನರ ಇತಿಹಾಸದಲ್ಲಿಯೇ ಸಿಗಬೇಕು. ಅಂತೆಯೇ ಬಲಪ್ರಯೋಗವೊಂದು ತಪ್ಪಾಗಿದ್ದರೆ ಅದರ ಕಳಂಕವನ್ನು ದೂರದಲ್ಲಿ ನೀರು, ಔಷಧ ಹಂಚುತ್ತ ನಿಂತ ಯೋಧನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ದೇಶದ ಮಾತಿಗಿರುವ ತೂಕ ಮಾತ್ರ ಪ್ರತಿ ಬಲಪ್ರಯೋಗದಿಂದಲೂ ಸ್ವಲ್ಪ ಕರಗುತ್ತದೆ. 1961ರ ನಂತರ ಭಾರತ ಯುದ್ಧವಿರೋಧದ ಮಾತಾಡಿದಾಗಲೆಲ್ಲ ಗೋವೆಯನ್ನು ನೆನಪಿಸುವವರು ಇದ್ದೇ ಇದ್ದರು. ಅದು ತೆರಲೇಬೇಕಾದ ಬೆಲೆ.

ಕನ್ನಡದ ಒಂದು ಪದದಲ್ಲಿ ಈ ಚರ್ಚೆಯೆಲ್ಲ ಅಡಗಿದೆ. ‘ಪಾಲನೆ’ ಎಂದರೆ ಕಾಪಾಡುವುದು, ಪ್ರಜಾಪಾಲನೆಯಂತೆ. ಪಾಲನೆ ಎಂದರೆ ತಾನೇ ನಡೆಸುವುದು, ವ್ರತಪಾಲನೆಯಂತೆ. ಶಾಂತಿಪಾಲನೆ ಇತರರ ಶಾಂತಿಯನ್ನು ಕಾಯುವುದೋ, ತಾನು ಶಾಂತಿಯ ನಿಯಮದಂತೆ ನಡೆಯುವುದೋ? ಪದ ಎರಡನ್ನೂ ಕೇಳುತ್ತದೆ. ಯಾವ ರಾಷ್ಟ್ರವೂ ಎರಡನೆಯದನ್ನು ಪೂರ್ಣವಾಗಿ ಪಾಲಿಸಿಲ್ಲ. ಅದನ್ನು ಪೂರ್ಣವಾಗಿ ಪಾಲಿಸಿದವರೇ ಮೊದಲನೆಯದಕ್ಕೆ ಅರ್ಹರೆಂದರೆ ಕಾಂಗೋಕ್ಕೆ ಹೋಗಲು ಯಾರೂ ಉಳಿಯುತ್ತಿರಲಿಲ್ಲ. ಆದರೆ ಎರಡನೆಯದನ್ನು ಮರೆತವರ ಕೈಯಲ್ಲಿ ಮೊದಲನೆಯದು ಬಹುಕಾಲ ಬಾಳುವುದಿಲ್ಲ.

ಕೌರವನ ಸಭೆಯಲ್ಲಿ ಕೃಷ್ಣನ ಸಂಧಾನ ಮುರಿದುಬಿತ್ತು. ಆತನ ಪಕ್ಷ ಯಾವುದೆಂದು ಎಲ್ಲರಿಗೂ ತಿಳಿದಿತ್ತು. ಆ ಜಗಳದಲ್ಲಿ ಅವನು ಹೊರಗಿನವನಾಗಿರಲಿಲ್ಲ. ತಟಸ್ಥನಾಗಿ ತೀರ್ಥಯಾತ್ರೆಗೆ ಹೊರಟ ಬಲರಾಮನಿಂದಲೂ ಯುದ್ಧ ನಿಲ್ಲಲಿಲ್ಲ. ಒಬ್ಬ ಜಗಳದೊಳಗಿದ್ದ, ಇನ್ನೊಬ್ಬ ಅದರಿಂದ ದೂರ ಸರಿದ. ಜಗಳದ ಒಳಗೆ ಸೇರದೆ, ಅದಕ್ಕೆ ಬೆನ್ನನ್ನೂ ತೋರಿಸದೆ ನಡುವೆ ನಿಲ್ಲುವವನ ಪಾತ್ರವನ್ನು ಆ ಪ್ರಸಂಗದಲ್ಲಿ ಯಾರೂ ವಹಿಸಲಿಲ್ಲ. ಕಾಸರಗೋಡಿನಿಂದಲೂ ಕೊಡಗಿನಿಂದಲೂ ಸೇನೆ ಸೇರುವ ಯುವಕ ಯುವತಿಯರಲ್ಲಿ ಕೆಲವರಿಗಾದರೂ ನಾಳೆ ಆ ಪಾತ್ರ ಬರಬಹುದು. ಅವರನ್ನು ಕಳುಹಿಸುವ ಮೊದಲು, ಅವರು ಕಾಯಲಿರುವ ಜಗಳದಲ್ಲಿ ದೇಶದ ಕೈ ಇದೆಯೇ ಎಂದು ಕೇಳುವ ಹೊಣೆ ಮನೆಯಲ್ಲಿ ಉಳಿಯುವ ಪ್ರಜೆಗಳದು.